ಗುಂಡಿ ಇಲ್ಲದ ಊರಿನ ದನಿ

ಮೈಲಾರಮ್ಮನ ಮಾತು ಕೇಳಬೇಕಾದರೆ ಅವಳ ಮಗ್ಗುಲಿಗೇ ಹೋಗಿ ಕೂರಬೇಕು. ಮೂವತ್ತೊಂದಕ್ಕೇ ಅವಳ ಗಂಟಲು ಒಡೆದುಹೋಗಿತ್ತು. ಹೊಸ ಜೀನ್ಸ್ ಪ್ಯಾಂಟು ತೊಡೆಯ ಹತ್ತಿರ ಮಾಸಿದಂತೆ ಕಾಣಲೆಂದು ಔಷಧ ಹೊಡೆಯುತ್ತಾರಲ್ಲ, ಆ ಕೆಲಸವನ್ನು ಆರು ವರ್ಷ ಬಾಯಿಗೆ ಸೆರಗು ಕಟ್ಟಿಕೊಂಡು ಮಾಡಿದಳು. ಈಗ ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದಾರ ಕತ್ತರಿಸುತ್ತಾಳೆ. ಒಂದು ಕಾಲಕ್ಕೆ ಶ್ರಾವಣದ ಭಜನೆಗೆ ಮನೆಗೆ ಬಂದು ಅವಳನ್ನು ಕರೆದೊಯ್ಯುತ್ತಿದ್ದರು.

ಆ ದನಿ ಒಂದು ಕಡೆ ಉಳಿದಿತ್ತು. ಹನ್ನೆರಡು ವರ್ಷದ ಹಿಂದೆ ಊರಿನ ಕೇಬಲ್ ನಡೆಸುತ್ತಿದ್ದ ಚಂದ್ರಶೇಖರಯ್ಯ ತಾನೇ ಒಂದು ಸೀರಿಯಲ್ ತೆಗೆದಿದ್ದರು. ಹೆಸರು ‘ಗುಂಡಿ ಇಲ್ಲದ ಊರು’. ಒಂದು ಬೆಳಗ್ಗೆ ಊರಿನ ಎಲ್ಲ ಬಟ್ಟೆಗಳ ಗುಂಡಿಗಳೂ ಮಾಯವಾಗುತ್ತವೆ. ಇನ್‌ಸ್ಪೆಕ್ಟರು ಒಂದು ಕೈಯಲ್ಲಿ ಅಂಗಿ ಹಿಡಿದುಕೊಂಡೇ ಕಳ್ಳನನ್ನು ಹುಡುಕುತ್ತಾರೆ. ಊರಿನ ಮಾನ ಕಾಯುವವಳು ಪಿನ್ನು ಮಾರುವ ಒಬ್ಬ ಹುಡುಗಿ. ಆ ಪಾತ್ರ ಮಾಡಿದವಳು ಮೈಲಾರಮ್ಮನ ಗೆಳತಿ, ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಚಂದ್ರಕಲಾ.

ಯೂನಿಟ್ಟಿನ ಅಂಗಳದಲ್ಲೇ ಶೂಟಿಂಗ್ ಆದದ್ದರಿಂದ ಮಿಷಿನ್ನುಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ದನಿಯನ್ನು ಆಮೇಲೆ ಕೇಬಲ್ ಆಫೀಸಿನಲ್ಲಿ ಸೇರಿಸಬೇಕಾಯಿತು. ಅಷ್ಟರಲ್ಲಿ ಚಂದ್ರಕಲಾ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟುಹೋಗಿದ್ದಳು. ಚಂದ್ರಶೇಖರಯ್ಯ ಮೈಲಾರಮ್ಮನನ್ನು ಕರೆಸಿದರು.

“ನಿನ್ನ ಹೆಸರು ಹಾಕಂಗಿಲ್ಲ ನೋಡವ್ವ. ಮಂದಿಗೆ ಗೊತ್ತಾದ್ರ ಮಜಾ ಹೋಗತೈತಿ.”

“ಹೆಸರು ಯಾರಿಗೆ ಬೇಕ್ರಿ? ಇನ್ನೊಂದು ಮಿರ್ಚಿ ಕೊಡ್ರಿ.”

ಒಂದೇ ಮಧ್ಯಾಹ್ನದಲ್ಲಿ ಎಲ್ಲ ಮಾತೂ ಆಡಿ ಮುಗಿಸಿದಳು. ಸೀರಿಯಲ್ ಬಂದಾಗ ಯೂನಿಟ್ಟುಗಳಲ್ಲಿ ಹಗಲೂ ರಾತ್ರಿ ಕೆಲಸ. ಅಲ್ಲೇ ದುಡಿಯುತ್ತಿದ್ದ ಚಂದ್ರಕಲಾಳ ತಾಯಿ ಗುರುಶಾಂತಮ್ಮ ಒಂದು ಕಂತನ್ನೂ ನೋಡಲಿಲ್ಲ. ಎರಡು ವರ್ಷಕ್ಕೆ, ಕೆಲಸದ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದ ವ್ಯಾನು ಮಗುಚಿ ಚಂದ್ರಕಲಾ ತೀರಿಕೊಂಡಳು. ತಾಯಿಯ ಹತ್ತಿರ ಉಳಿದದ್ದು ಹಾಲ್ ಟಿಕೆಟ್ಟಿನ ಒಂದು ಫೋಟೋ.

ಚಂದ್ರಶೇಖರಯ್ಯ ಕೇಬಲ್ ಆಫೀಸು ಖಾಲಿ ಮಾಡಿದ ವರ್ಷ ಆ ಸೀರಿಯಲ್ಲಿನ ಸಿ.ಡಿ.ಗಳನ್ನು ಗುರುಶಾಂತಮ್ಮನಿಗೆ ತಂದುಕೊಟ್ಟರು. ಅವಳು ಅವನ್ನು ಒಬ್ಬಳೇ ನೋಡಲು ಅಂಜಿದಳು.

“ಬಾ ಮೈಲಾರಿ. ನೀವಿಬ್ಬರೂ ಒಂದೇ ತಟ್ಟ್ಯಾಗ ಉಂಡಾಕಿಗಳು. ನನ್ನ ಜೊತಿ ಕೂಡು.”

ಅವತ್ತು ಸೋಮವಾರ. ಗುರುಶಾಂತಮ್ಮ ಟಿ.ವಿ.ಯ ಹಣೆಗೆ ವಿಭೂತಿ ಹಚ್ಚಿ, ಒಂದು ಕಣಗಿಲೆ ಹೂ ಇಟ್ಟು ಸಿ.ಡಿ. ಹಾಕಿದಳು. ಲಂಗ ದಾವಣಿಯ ಚಂದ್ರಕಲಾ ಬುಟ್ಟಿ ಹೊತ್ತು ಬಂದು ಇನ್‌ಸ್ಪೆಕ್ಟರನ್ನೇ ಅಡ್ಡಗಟ್ಟಿದಳು. “ಪಿನ್ನು ಬೇಕೇನ್ರಿ ಸಾಹೇಬ್ರ, ಇಲ್ಲಾ ಮಾನಾನ ಬ್ಯಾಡೇನ್ರಿ?”

ಗುರುಶಾಂತಮ್ಮ ನಕ್ಕಳು. ನಗುತ್ತಲೇ ಅತ್ತಳು. “ಕೇಳಿದ್ಯೇನ? ಅಕೀ ದನಿ! ನಾ ಮರ್ತೇಬಿಟ್ಟಿದ್ದೆ ನೋಡು. ಎಷ್ಟೊತ್ತು ನೆನಸಿಕೊಂಡರೂ ಕಿವಿಗೆ ಬರ್ತಿರಲಿಲ್ಲ.”

ತನ್ನ ದನಿಯನ್ನು ಮೈಲಾರಮ್ಮನೂ ಎಷ್ಟೋ ವರ್ಷದ ಮೇಲೆ ಕೇಳುತ್ತಿದ್ದಳು. ಅದು ತನ್ನದು ಎನ್ನಲು ಬಾಯಿ ತೆರೆದರೆ ಬಂದದ್ದು ಬರೀ ಕೆಮ್ಮು. ನೀರು ಕುಡಿದಳು. ತಾಯಿಗೆ ಸಿಕ್ಕಿದ್ದನ್ನು ಕಸಿಯುವುದು ಪಾಪ ಅನ್ನಿಸಿತು.

ಅಲ್ಲಿಂದ ಪ್ರತಿ ಸೋಮವಾರವೂ ಸೀರಿಯಲ್ಲು. ಗುರುಶಾಂತಮ್ಮ ಮಾತುಗಳನ್ನು ಬಾಯಿಪಾಠ ಮಾಡಿದಳು. ಕೆಲಸದ ನಡುವೆ ಅವನ್ನೇ ಹೇಳಿಕೊಳ್ಳುತ್ತಿದ್ದಳು. “ಎದುರಿಗೆ ಕೂತು ಮಾತಾಡಿದಂಗ ಐತಿ” ಎನ್ನುತ್ತಿದ್ದಳು. ಮೈಲಾರಮ್ಮ ಏನೋ ನೆಪ ಹೇಳಿ ತಪ್ಪಿಸಿಕೊಳ್ಳತೊಡಗಿದಳು.

ಹಿರಿಯರ ಅಮಾವಾಸ್ಯೆ ಬಂತು. ಗುರುಶಾಂತಮ್ಮ ಬಂದು ಕೈ ಹಿಡಿದು ಎಳೆದೊಯ್ದಳು. ಟಿ.ವಿ.ಯ ಮುಂದೆ ಬಾಳೆ ಎಲೆ. ಹೋಳಿಗೆ, ಬದನೆಕಾಯಿ ಎಣಗಾಯಿ, ಚಂದ್ರಕಲಾ ಬಯಸುತ್ತಿದ್ದ ಹುರಿಗಡಲೆ ಉಂಡೆ, ಒಂದು ಹೊಸ ರವಿಕೆ ಕಣ.

“ಇಷ್ಟು ವರ್ಷ ಫೋಟೋಕ್ಕ ಎಡಿ ಇಟ್ಟೆ. ಮೂಕರಿಗೆ ಉಣಿಸಿದಂಗಿತ್ತು. ಇವತ್ತು ಅಕಿ ದನಿ ಕೇಳಕೊಂತ ಉಣಿಸ್ತೀನಿ” ಎಂದು ಊದಿನಕಡ್ಡಿ ಬೆಳಗಿದಳು.

ಆ ದನಿ ಶುರುವಾಯಿತು. ತಾಯಿ ಎಲೆಯ ಸುತ್ತ ನೀರು ಬಿಟ್ಟು, “ಉಣ್ಣವ್ವಾ” ಎಂದಳು. ಮೈಲಾರಮ್ಮನಿಗೆ ತಡೆಯಲಾಗಲಿಲ್ಲ. ಸತ್ತವಳಿಗಿಟ್ಟ ಅನ್ನ ಬದುಕಿರುವ ತನ್ನ ಬಾಯಿಗೆ ಬಂದು ಬೀಳುತ್ತಿದೆ, ಅವಳು ಹಸಿದೇ ಹೊರಗೆ ನಿಂತಿದ್ದಾಳೆ ಅನ್ನಿಸಿತು. ಎದ್ದು ಟಿ.ವಿ. ಆರಿಸಿದಳು.

“ಯಾಕ ಮೈಲಾರಿ, ಹುಚ್ಚು ಹಿಡದೈತೇನ? ಎಡಿ ನಡುವ!”

“ಅತ್ತೀ, ಅದು ಅಕಿ ದನಿ ಅಲ್ರಿ. ನಂದು. ಅಕಿ ಊರಾಗ ಇದ್ದಿದ್ದಿಲ್ಲ. ಕೇಬಲ್ ಅಯ್ಯನವ್ರು ನನ್ನ ಕೈಲೆ ಮಾತಾಡಿಸಿದ್ರು.”

ಗುರುಶಾಂತಮ್ಮ ಅವಳ ಒಡಕು ಗಂಟಲನ್ನೇ ನೋಡಿದಳು. “ಇದರಿಂದೇನು? ಈ ಗಂಟಲಿಂದ?”

“ಆವಾಗ ಹಿಂಗ ಇದ್ದಿದ್ದಿಲ್ರಿ.”

ಕಡೆಗೆ ತಾಯಿ ನಂಬಿದಳು. ಬೈಯಲಿಲ್ಲ, ಅಳಲಿಲ್ಲ. “ಇಷ್ಟು ದಿನ ಯಾರಿಗೆ ಓ ಅಂದೆ ನಾನು?” ಎಂದು ಎಲೆಯ ಮುಂದೆ ಕುಸಿದು ಕೂತಳು. ಹೋಳಿಗೆಯ ಮೇಲಿನ ತುಪ್ಪ ಗಟ್ಟಿಯಾಗುತ್ತ ಬಂತು. ಗುರುಶಾಂತಮ್ಮ ತಲೆಯೆತ್ತಿದಳು.

“ಹಂಗಾರ ಅಕಿ ದನಿ ಹೆಂಗಿತ್ತು? ನೀ ದಿನಾ ಕೇಳಿದಾಕಿ. ಕೆಲಸದಿಂದ ಬಂದು ಬಾಗಿಲಾಗ ನಿಂತು ನನ್ನ ಕೂಗತಿದ್ಲಲ್ಲ, ಹೆಂಗ ಕೂಗತಿದ್ಲು? ಕೂಗಿ ತೋರಿಸು.”

ಮೈಲಾರಮ್ಮ ನೆನಪು ಮಾಡಿಕೊಂಡಳು. ಗೆಳತಿಯ ಬಾಯಿ, ಹಲ್ಲಿನ ಸಂದು ಎಲ್ಲ ಕಂಡವು. ದನಿ ಕೇಳಲಿಲ್ಲ. ಆದರೂ ಕೂಗಿದಳು.

“ಯವ್ವಾ...”

“ಹಂಗಲ್ಲ.”

“ಯವ್ವಾ...”

“ಅಲ್ಲ. ಅಷ್ಟು ಉದ್ದ ಎಳಿತಿದ್ದಿಲ್ಲ.”

ಗಂಟಲು ಸುಡುತ್ತಿತ್ತು. ಮೈಲಾರಮ್ಮ ಚಿಕ್ಕದಾಗಿ, ಸಿಟ್ಟು ಬಂದವಳಂತೆ ಕೂಗಿದಳು.

“ಅಲ್ಲ” ಎಂದಳು ಗುರುಶಾಂತಮ್ಮ. ಈ ಸಲ ಕಣ್ಣು ಮುಚ್ಚಿಕೊಂಡಿದ್ದಳು, ಕಿವಿ ಬಾಗಿಲ ಕಡೆಗಿತ್ತು. “ಕಡಿಗೆ ಒಂಚೂರು ಮ್ಯಾಲಕ್ಕ ಹೋಗತಿತ್ತು. ಹಸಿವಾದಾಗ ಮಾತ್ರ. ಇನ್ನೊಮ್ಮೆ ಕೂಗು.”