ಪೆಟ್ರೋಲ್ ಟಾಕಿಯ ಜಾತಕ

ಹಾವೇರಿಯಲ್ಲಿ ಜಾತಕ ನೋಡುವವರಿಗೆ ಬರವಿಲ್ಲ. ಆದರೆ ಬೈಕಿನ ಪೆಟ್ರೋಲ್ ಟಾಕಿ ನೋಡಿ ಅದರ ಮಾಲಕನ ಗುಣ ಹೇಳುವವನು ಅಜ್ಜಪ್ಪ ಒಬ್ಬನೇ. ಹಳೇ ಟಾಕಿಗಳ ಜಂಗು ಕೆರೆದು ಹೊಸ ಬಣ್ಣ ಹೊಡೆಯುವುದು ಅವನ ಮೂವತ್ತೈದು ವರ್ಷದ ಕಸುಬು. ಗಿರಾಕಿ ಬಾಯಿ ತೆರೆಯುವ ಮೊದಲೇ ಇವನು ಟಾಕಿಯ ಬಾಯಿ ನೋಡಿ ಮುಗಿಸಿರುತ್ತಾನೆ. ಮುಚ್ಚಳದ ಸುತ್ತ ಬಣ್ಣ ಉಬ್ಬಿ ಸಿಪ್ಪೆ ಎದ್ದಿದ್ದರೆ ಆಸಾಮಿ ದುಡುಕ, ಪೆಟ್ರೋಲ್ ಚೆಲ್ಲಿದರೆ ಒರೆಸದವನು. ಮೊಳಕಾಲು ತಾಗುವ ಕಡೆ ಮಾತ್ರ ಸವೆದಿದ್ದರೆ ನಂಬಬಹುದಾದ ಮನುಷ್ಯ. ಹಿಂಬದಿಗೆ ಬೆಲ್ಟಿನ ಗೀರು ಬಿದ್ದಿದ್ದರೆ ಹೊಟ್ಟೆ ಬಂದಿದೆ, ಇನ್ನೂ ಒಪ್ಪಿಕೊಂಡಿಲ್ಲ.

ಬಣ್ಣ ಆರಿಸುವುದರಲ್ಲಂತೂ ಅವನು ಹಿಡಿದ ಹಟ ಬಿಡುವವನಲ್ಲ. "ಟಾಕಿಗೆ ಬಣ್ಣ ಹಚ್ಚೋದು ಕಣ್ಣಿಗಲ್ಲಪಾ, ಪೆಟ್ರೋಲಿಗೆ" ಎನ್ನುತ್ತಾನೆ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಯ ಬಣ್ಣ ಅರ್ಧ ತಾಸಿನಲ್ಲಿ ಒಣಗಿ ಥಳಥಳ ಹೊಳೆಯುತ್ತದೆ, ನಿಜ. ಆದರೆ ಅದರ ಮೇಲೆ ನಾಲ್ಕು ಹನಿ ಪೆಟ್ರೋಲ್ ಬಿದ್ದರೆ ಹೋಳಿಯ ಓಕುಳಿ. ಅದರಲ್ಲೂ ಈಗಿನ ಪೆಟ್ರೋಲಿಗೆ ಸ್ಪಿರಿಟ್ ಬೆರೆಸುವುದರಿಂದ ಹಿಂದೆ ತಡೆಯುತ್ತಿದ್ದ ಬಣ್ಣಗಳೂ ಗುಳ್ಳೆ ಏಳುತ್ತಿವೆ. ಹಾಗಾಗಿ ಬಣ್ಣವನ್ನು ಗಟ್ಟಿಯಾಗಿಸುವ ಹಾರ್ಡ್ನರ್ ಎಂಬ ದ್ರಾವಣ ಕೂಡಿಸಿದ್ದೇ ಆಗಬೇಕು, ಹಚ್ಚಿದ ಮೇಲೆ ಹತ್ತು ದಿನ ಪೆಟ್ರೋಲ್ ಸೋಕಿಸಬಾರದು. ನಾಳೆಯೇ ಬೇಕು ಎನ್ನುವ ಗಿರಾಕಿಗೆ ಮುಂದಿನ ಅಂಗಡಿಯ ದಾರಿ ತೋರಿಸುತ್ತಾನೆ.

"ಟಾಕಿಗಾದ್ರ ಹತ್ತ ದಿನ ಕಾಯ್ತಾನ" ಎಂದು ಹೆಂಡತಿ ನೀಲಗಂಗವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ, "ಮನ್ಯಾಗ ಚಹಾ ಹತ್ತ ನಿಮಿಷ ತಡ ಆದ್ರ ಊರ ಒಂದ ಮಾಡ್ತಾನ."

ಇವರಿಗೆ ಒಬ್ಬಳೇ ಮಗಳು, ಐಶ್ವರ್ಯ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಅವಳನ್ನು ಯಾರ ಕೈಗೆ ಕೊಡುವುದು ಎಂಬ ಚಿಂತೆಯಲ್ಲಿ ಅಜ್ಜಪ್ಪ ಸೊರಗಿದ್ದ. ಸೊರಗಿದ್ದರೂ, ಬಂದ ಎರಡು ಸಂಬಂಧಗಳನ್ನು ಹುಡುಗರ ಗಾಡಿಯ ಟಾಕಿ ನೋಡಿಯೇ ವಾಪಸು ಕಳಿಸಿದ್ದ. ಮೂರನೆಯದು ಒಂದು ಭಾನುವಾರ ಮುಂಜಾನೆ ಬ್ಯಾಡಗಿಯಿಂದ ಬಂತು. ಮೆಣಸಿನಕಾಯಿ ವ್ಯಾಪಾರದ ಮನೆತನ. ಹುಡುಗನ ಅಪ್ಪ ಶಂಭುಲಿಂಗಪ್ಪನವರು ಬಂಧುಗಳೊಂದಿಗೆ ಕಾರಿನಿಂದ ಇಳಿದರು. ಹುಡುಗ ಮಾತ್ರ ತನ್ನ ಅಜ್ಜನ ಕಾಲದ ರಾಜದೂತ್ ಬೈಕ್ ಏರಿ ಡಬಡಬ ಎನ್ನುತ್ತ ಬಂದ. ಅದರ ಟಾಕಿ ಬ್ಯಾಡಗಿ ಮೆಣಸಿನಕಾಯಿಯಷ್ಟೇ ಕೆಂಪಗೆ, ಮುಖ ನೋಡಿ ತಲೆ ಬಾಚಿಕೊಳ್ಳುವಷ್ಟು ಹೊಳೆಯುತ್ತಿತ್ತು. ಹಳೇ ಗಾಡಿ, ಹೊಸ ಹೊಳಪು. ಅಜ್ಜಪ್ಪನ ಮೂಗು ಅರಳಿತು.

ಪಡಸಾಲೆಯಲ್ಲಿ ಎಲ್ಲರೂ ಶಿರಾ-ಉಪ್ಪಿಟ್ಟಿನ ತಾಟಿಗೆ ಕೈ ಹಾಕಿದ್ದೇ ತಡ, ಅವನು ಪೆಟ್ರೋಲಿನಲ್ಲಿ ಅದ್ದಿದ ಅರಿವೆ ಹಿಡಿದು ಅಂಗಳಕ್ಕೆ ಜಾರಿದ. ಮುಚ್ಚಳದ ಪಕ್ಕ ಮೆಲ್ಲಗೆ ಒಮ್ಮೆ ತಿಕ್ಕಿದ. ಅರಿವೆ ಕೆಂಪಾಯಿತು. ಇನ್ನೊಮ್ಮೆ ತಿಕ್ಕಿದ. ಅಂಗೈ ಅಗಲ ಬಣ್ಣ ಮಾಯವಾಯಿತು. ಮಗಳನ್ನು ನೋಡಲು ಬಂದವನ ಗಾಡಿಯನ್ನು ನಾನೇ ಬೋಳಿಸಿದೆನಲ್ಲ ಎಂದು ಹೊಳೆಯುವಷ್ಟರಲ್ಲಿ, ಕೈ ತೊಳೆಯಲು ಎದ್ದುಬಂದ ಹುಡುಗ ಹಿಂದೆಯೇ ನಿಂತಿದ್ದ.

ಸಿಕ್ಕಿಬಿದ್ದವನ ದನಿಯೇ ಜೋರು. "ಯಾರು ಹಚ್ಯಾರೋ ಈ ಬಣ್ಣಾ?" ಎಂದು ಅಜ್ಜಪ್ಪನೇ ಗದರಿಸಿದ.

"ನಾನ ಹಚ್ಚೇನ್ರಿ ಕಾಕಾ."

"ಹಾರ್ಡ್ನರ್ ಎಷ್ಟ ಕೂಡಿಸಿದಿ?"

ಹುಡುಗ ಒಮ್ಮೆ ಆಕಾಶ ನೋಡಿದ, ಒಮ್ಮೆ ನಳ ನೋಡಿದ. "ರುಚಿಗೆ ಎಷ್ಟ ಬೇಕೋ ಅಷ್ಟರಿ."

ಅಜ್ಜಪ್ಪನಿಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಈ ಸಂಬಂಧದ ಕತೆಯೂ ಮುಗಿಯಿತು ಎಂದುಕೊಂಡು ಕಡೆಯದಾಗಿ ಬಗ್ಗಿ ನೋಡಿದ. ಕೆಂಪು ಹೋದಲ್ಲಿ ಬಣ್ಣಕ್ಕೆ ಮೊದಲು ಹಚ್ಚುವ ಬೂದು ಪ್ರೈಮರ್ ಕಾಣುತ್ತಿತ್ತು. ಅರಿವೆಯಿಂದ ತಿಕ್ಕಿದ, ಅಲುಗಲಿಲ್ಲ. ಉಗುರಿನಿಂದ ಕೆರೆದ, ಅಲುಗಲಿಲ್ಲ. ಕೆಳಗಿನ ಕೆಲಸ ಇಷ್ಟು ಗಟ್ಟಿ, ಮೇಲಿನದು ಇಷ್ಟು ಪೊಳ್ಳು, ಇದೆಂಥ ಪೇಂಟರು? ಕನ್ನಡಕ ಸರಿಮಾಡಿಕೊಂಡು ಬಿಸಿಲಿಗೆ ಓರೆಯಾಗಿ ನೋಡಿದ. ಪ್ರೈಮರಿನ ಮೇಲೆ ನಯ ಮಾಡಲು ವಾಟರ್ ಪೇಪರ್ ಎಂಬ ಉಜ್ಜುಕಾಗದ ತಿಕ್ಕಿದ ಕೂದಲೆಳೆಯಂಥ ಗೆರೆಗಳು. ಬಲಗೈಯವರು ತಿಕ್ಕಿದರೆ ಗೆರೆ ಒಂದು ಕಡೆ ವಾಲುತ್ತದೆ, ಎಡಗೈಯವರು ತಿಕ್ಕಿದರೆ ಇನ್ನೊಂದು ಕಡೆ. ಇವು ಎಡಗೈಯ ಗೆರೆಗಳು. ಇಷ್ಟು ಸಮನಾಗಿ ತಿಕ್ಕುವ ಎಡಗೈ ಹಾವೇರಿ ಜಿಲ್ಲೆಯಲ್ಲಿ ಒಂದೇ ಇದೆ, ಅದಕ್ಕೆ ಏಳನೇ ವಯಸ್ಸಿನಲ್ಲಿ ಪೇಪರ್ ಹಿಡಿಯುವುದನ್ನು ಕಲಿಸಿದವನು ಅಜ್ಜಪ್ಪನೇ.

ಕೆಂಪು ಅರಿವೆ ಹಿಡಿದೇ ಅವನು ಪಡಸಾಲೆಗೆ, ಬಂದವರಿಗೆ ನೀರು ಕೊಡುತ್ತಿದ್ದ ಮಗಳ ಮುಂದೆ ಬಂದ. ಹುಡುಗ ಹಿಂದೆ ಹಿಂದೆ ಬಂದ.

"ಐಶ್ವರ್ಯಾ, ಟಾಕಿ ಎಲ್ಲಿ ಮಾಡಿದಿ?"

ಶಂಭುಲಿಂಗಪ್ಪನವರ ಕೈಯ ಉಪ್ಪಿಟ್ಟು ಬಾಯಿಯ ಹತ್ತಿರವೇ ನಿಂತಿತು. ನೀಲಗಂಗವ್ವ ಯಾರೂ ಕರೆಯದಿದ್ದರೂ "ಬಂದೆ" ಎನ್ನುತ್ತ ಅಡುಗೆಮನೆಗೆ ನಡೆದಳು. ಅವಳಿಗೆ ಗೊತ್ತಿತ್ತು ಎಂದು ಅಜ್ಜಪ್ಪನಿಗೆ ಆಗ ತಿಳಿಯಿತು.

"ಅದು ನಾನ..." ಎಂದು ಹುಡುಗ ಶುರುಮಾಡಿದ.

"ನೀ ಸುಮ್ನಿರು" ಎಂದಳು ಐಶ್ವರ್ಯ. ಆ ದನಿಯಲ್ಲೇ ಎಲ್ಲರಿಗೂ ಎಲ್ಲ ಅರ್ಥವಾಯಿತು. "ರಾಣೆಬೆನ್ನೂರಾಗ, ಗೆಳತಿ ಜುಬೇದಾನ ಹಿತ್ತಲದಾಗ ಮಾಡಿದೆ ಅಪ್ಪಾ. ನಾನೂ ಇಂವನೂ ಕಾಲೇಜಿಂದ ಗೊತ್ತ ಅದೇವಿ. ಇವತ್ತ ಇವರು ಬರ್ತಾರಂತ ಮೊನ್ನೆ ಬುಧವಾರ ಗೊತ್ತಾತು. ಹಾರ್ಡ್ನರ್ ಬಣ್ಣಕ್ಕ ಹತ್ತ ದಿನ ಎಲ್ಲಿಂದ ತರ್ಲಿ? ಅದಕ್ಕ ಮ್ಯಾಲ ಸ್ಪ್ರೇ ಹೊಡದೆ."

"ನನ್ನ ಮಗಳಾಗಿ ಸ್ಪ್ರೇ ಹೊಡದಿ! ಹಳೇ ಟಾಕಿ ಹಂಗ ತಂದಿದ್ರ ಏನಾಗ್ತಿತ್ತ?"

"ಮುಚ್ಚಳದ ಸುತ್ತ ಪೂರಾ ಸಿಪ್ಪಿ ಎದ್ದಿತ್ತು. ನೀ ಹೊಸ್ತಿಲದಾಗ ಬ್ಯಾಡ ಅಂತಿದ್ದಿ."

"ನನಗೊಂದ ಮಾತ ಹೇಳಬೇಕಿತ್ತಲ್ಲವ್ವಾ. ಇಂಥಾ ಹುಡುಗ ಅದಾನ ಅಂತ."

"ಹೆಂಗ ಹೇಳ್ಲಿ?" ಐಶ್ವರ್ಯ ಅವನ ಕೈಯ ಅರಿವೆಯತ್ತ ಬೊಟ್ಟು ಮಾಡಿದಳು. "ನೀ ಮನುಷ್ಯಾನ್ನ ಎಲ್ಲಿ ನೋಡ್ತಿ ಅಪ್ಪಾ? ಟಾಕಿ ನೋಡ್ತಿ."

ಅಜ್ಜಪ್ಪನಿಗೆ ಅದು ನೇರ ಎದೆಗೆ ತಾಗಿತು. ಕಸುಬು ಬಲ್ಲ ಮಗಳು ಅಪ್ಪನ ಹೆದರಿಕೆಗೆ ಕಳಪೆ ಕೆಲಸ ಮಾಡಿದಳಲ್ಲ ಎಂದು ನೋವಾಯಿತು. ಹಾರ್ಡ್ನರಿನ ಗಂಧಗಾಳಿ ಇಲ್ಲದ ಹುಡುಗ ಅವಳ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ನಿಂತಿದ್ದ, ಅದು ನೆನಪಾಗಿ ಒಳಗೊಳಗೇ ಸಮಾಧಾನವೂ ಆಯಿತು. ಅಜ್ಜಪ್ಪ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದ.

"ಶಂಭುಲಿಂಗಪ್ಪನವರ, ಗಾಡಿ ಇಲ್ಲೇ ಇರ್ಲಿ. ನಾನ ಕೆಡಿಸೇನಿ, ನಾನ ಮಾಡಿ ಕೊಡ್ತೇನಿ. ಹತ್ತ ದಿನ ಆದಮ್ಯಾಲ ಒಯ್ಯಾಕ ಹುಡುಗನ್ನ ಕಳಸ್ರಿ. ಲಗ್ನದ ಮಾತೂ ಅವತ್ತ ಆಡೂಣು."

"ಆಗ್ಲಿರಿ" ಎಂದು ಅವರು ಕಡೆಗೂ ಉಪ್ಪಿಟ್ಟು ಬಾಯಿಗಿಟ್ಟರು.

ಆಮೇಲೆ ಅಜ್ಜಪ್ಪ ಹುಡುಗನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. ಕನ್ನಡಕ ಒರೆಸಿ ಹಾಕಿಕೊಂಡು ಅವನ ಮುಖವನ್ನು ಒಂದು ನಿಮಿಷ ನೋಡಿದ. ಹುಡುಗ ಬೆವರಿದ.

"ತಪ್ಪ ತಿಳೀಬ್ಯಾಡಪಾ ತಮ್ಮಾ" ಎಂದ ಅಜ್ಜಪ್ಪ, "ನಿನ್ನ ಹೆಸರ ಏನಂದಿ?"

"ಸಿದ್ದಲಿಂಗೇಶ ಅಂತರಿ."