ಸಾವ್ಕಾರ್ತಿಯ ಉಡಿಗೆ ಹಾಕಿದ ಖಣ

ಸಿರಿವಂತರ ಮೇಲೆ ತೆರಿಗೆ ಹಾಕಿ, ಆ ದುಡ್ಡನ್ನು ಬಡವರ ಕೂಲಿಗೆ ಸೇರಿಸಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಮೊನ್ನೆ ನಮ್ಮ ಓಣಿಗೆ ಬಂದ ಓದಿದವರೊಬ್ಬರು ಹೇಳಿ ಹೋದರು. ಹೇಳಲಿ. ನಾನು ಮುದುಕಿಯಾಗುವ ಹೊತ್ತಿಗೆ ಅಕ್ಷರ ಕಲಿತವಳು. ಒತ್ತು ಕೊಂಬು ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಆದರೆ ಕೊಡುವ ದುಡ್ಡು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ಎಂಬತ್ತರ ದಶಕದಲ್ಲಿ ನಾನು ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಆಗ ಆ ಊರಿನ ಗಾಳಿಯೇ ತಂಬಾಕು. ಹೊಸಬರು ಬಸ್ಸಿನಿಂದ ಇಳಿದ ಕೂಡಲೇ ಸೀನುತ್ತಿದ್ದರು, ನಾವು ನಗುತ್ತಿದ್ದೆವು. ನನ್ನ ಗಂಡ ತಂಬಾಕಿನ ವಖಾರಿಯಲ್ಲಿ ದುಡಿದು, ಕೆಮ್ಮಿ ಕೆಮ್ಮಿ ಸತ್ತಿದ್ದ. ಇದ್ದವಳು ಒಬ್ಬಳೇ ಮಗಳು, ಆರನೇ ಇಯತ್ತೆಯಲ್ಲಿದ್ದಳು. ಅವಳ ಕೈಗೆ ಬೀಡಿ ಕೊಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ನಮ್ಮ ಓಣಿಯಲ್ಲಿ ಅದು ಹುಚ್ಚು ಹಟ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಬೆರಳು ನೋಡುವ ಓಣಿ ಅದು. ದಿನಕ್ಕೆ ಎಷ್ಟು ಕಟ್ಟುತ್ತಾಳೆ ಎಂದು ಕೇಳಿದ ಮೇಲೆಯೇ ಚಹಾ ಕುಡಿಯುತ್ತಿದ್ದರು.

ಬೆಳಗ್ಗೆ ಸಾವ್ಕಾರನ ಕಾರ್ಖಾನೆಯಿಂದ ಎಲೆ, ತಂಬಾಕು ತರುವುದು. ಎಲೆ ನೆನೆಸಿ, ಕತ್ತರಿಸಿ, ಸುತ್ತಿ, ದಾರ ಕಟ್ಟಿ, ಸಂಜೆ ಮೊರದಲ್ಲಿ ತುಂಬಿಕೊಂಡು ಹೋಗಿ ಕೊಡುವುದು. ಅಲ್ಲಿ ಮೇಸ್ತ್ರಿ ಕೂತಿರುತ್ತಿದ್ದ. ಕಟ್ಟು ಬಿಚ್ಚಿ, ಇದು ಸಡಿಲ, ಇದು ಸೊಟ್ಟ ಎಂದು ತನಗೆ ಬೇಡವಾದದ್ದನ್ನು ಬುಟ್ಟಿಗೆ ಒಗೆಯುತ್ತಿದ್ದ. ಅದಕ್ಕೆ ಛಾಟ ತೆಗೆಯುವುದು ಎನ್ನುತ್ತಿದ್ದರು. ಛಾಟಕ್ಕೆ ಕೂಲಿ ಇಲ್ಲ, ತಿರುಗಿ ಕೊಡುವುದೂ ಇಲ್ಲ. ಕೆಟ್ಟ ಬೀಡಿಯನ್ನು ಒಲೆಗೆ ಹಾಕುತ್ತಿದ್ದರೆಂದು ತಿಳಿಯಬೇಡಿ. ಅದೂ ಪೇಟೆಗೇ ಹೋಗುತ್ತಿತ್ತು.

ಆ ವರ್ಷ ಒಂದು ಸುದ್ದಿ ಬಂತು. ಬೀಡಿಯ ಮೇಲೆ ಸರಕಾರ ಸಾವ್ಕಾರರಿಂದ ತೆರಿಗೆ ತೆಗೆದುಕೊಳ್ಳುತ್ತದೆ, ಆ ದುಡ್ಡಿನಿಂದ ಬೀಡಿ ಕಟ್ಟುವವರ ಮಕ್ಕಳಿಗೆ ಶಾಲೆಗೆ ಹೋಗಲು ವರ್ಷಕ್ಕೊಮ್ಮೆ ಕೊಡುತ್ತದೆ ಎಂದು. ಸುಳ್ಳು ಎಂದುಕೊಂಡಿದ್ದೆ. ಆದರೆ ಬಂತು. ಮಗಳಿಗೆ ಪುಸ್ತಕ ಬಂದವು, ಮಳೆಗಾಲಕ್ಕೆ ಒಂದು ಕೊಡೆ ಬಂತು. ಅವಳು ಆ ಕೊಡೆಯನ್ನು ಮನೆಯೊಳಗೆ ಬಿಚ್ಚಿಕೊಂಡು ಕೂತು ಪಾಠ ಓದುತ್ತಿದ್ದಳು. ಅವಳು ಹತ್ತನೇ ಇಯತ್ತೆ ಮುಗಿಸುತ್ತಾಳೆ ಎಂದು ಆಗ ನನಗೆ ಅನ್ನಿಸಿತ್ತು. ನನ್ನ ಜೀವನದಲ್ಲಿ ನಾನು ಆಸೆಪಟ್ಟದ್ದು ಅದೊಂದನ್ನೇ.

ಮೇಸ್ತ್ರಿ ಮಾತ್ರ ಓಣಿಯಲ್ಲೆಲ್ಲ ಬೇರೆಯೇ ಹೇಳುತ್ತ ಬಂದ. ಸರಕಾರ ಎಲ್ಲಿಂದ ಕೊಟ್ಟೀತು, ನಮ್ಮ ಸಾವ್ಕಾರರೇ ತಮ್ಮ ಕಿಸೆಯಿಂದ ಕೊಟ್ಟಿದ್ದಾರೆ ಎಂದ. ಓಣಿಗೆ ಹಿರಿಯಳಾದ ಮುದುಕಿಯನ್ನು ನಾವೆಲ್ಲ ದೊಡ್ಡಾಯಿ ಎನ್ನುತ್ತಿದ್ದೆವು. ಅವಳು ಅದನ್ನು ನಂಬಿದಳು. ಉಂಡ ಮನೆಯ ಋಣ ಇಟ್ಟುಕೊಳ್ಳಬಾರದು, ಸಾವ್ಕಾರ್ತಿಯ ಉಡಿ ತುಂಬಿ ಬರೋಣ ಎಂದಳು. ದೊಡ್ಡ ಮನೆಯವರು ಬಡವರ ಉಡಿ ತುಂಬುವುದನ್ನು ನೋಡಿದ್ದೆ. ಬೀಡಿ ಕಟ್ಟುವವರು ಹೋಗಿ ಸಾವ್ಕಾರ್ತಿಯ ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕುವುದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಪಟ್ಟಿ ಎತ್ತಿದರು. ನಾನೂ ನನ್ನ ಪಾಲಿನ ದುಡ್ಡು ಹಾಕಿದೆ. ಚೌಕಾಸಿ ಚೆನ್ನಾಗಿ ಮಾಡುತ್ತಾಳೆ ಎಂದು ಖಣ ತರಲು ನನ್ನನ್ನೇ ಕಳಿಸಿದರು. ಮಗಳನ್ನು ಕರೆದುಕೊಂಡು ಹೋಗಿ ಹಸಿರು ಖಣ, ಕೆಂಪು ಅಂಚಿನದು, ಆರಿಸಿದೆ. ಒಂದು ಮೂಲೆಗೆ ಕಬ್ಬಿಣದ ಜಂಗಿನ ಕಲೆ ಹತ್ತಿತ್ತು. ಅದನ್ನು ತೋರಿಸಿ ಬೆಲೆ ಇಳಿಸಿದೆ. ಕಲೆ ಒಳಗೆ ಹೋಗುವಂತೆ ಮಗಳೇ ಮಡಿಚಿದಳು.

ನಾನು ಗಂಡ ಸತ್ತವಳು. ಖಣ ಆರಿಸಬಹುದು, ಉಡಿಗೆ ಹಾಕುವಂತಿಲ್ಲ. ಸಾವ್ಕಾರನ ಮನೆ ಮುಟ್ಟಿದ ಮೇಲೆ ಮುತ್ತೈದೆಯರು ಒಳಗೆ ಹೋದರು, ನಾನು ಹೊರಗೆ ಚಪ್ಪಲಿಗಳ ಹತ್ತಿರ ಕೂತೆ. ಪಡಸಾಲೆಯ ತೂಗುಮಣೆಯ ಮೇಲೆ ಸಾವ್ಕಾರ ಕೂತಿದ್ದ, ಮೇಸ್ತ್ರಿ ನಿಂತಿದ್ದ. ನಾನಿರುವುದು ಅವರಿಗೆ ಕಂಡಿತ್ತು. ಕಂಬ ಇದ್ದ ಹಾಗೆ ಕಂಡಿರಬೇಕು, ದನಿ ಇಳಿಸಲಿಲ್ಲ.

"ಸರಕಾರಕ್ಕ ಕಟ್ಟೂದನ್ನ ನಾ ಎಲ್ಲಿಂದ ತರ್ಲಿ? ನಾಳಿಂದ ಛಾಟ ಜಾಸ್ತಿ ತಗಿ," ಎಂದ ಸಾವ್ಕಾರ. "ಇವರ ಮನೀಗೆ ಹೋದದ್ದು ಇವರ ಕೈಯಾಗಿಂದನ ತಿರುಗಿ ಬರ್ಬೇಕು."

"ಗದ್ದಲಾ ಮಾಡಿದ್ರ, ಸಾವ್ಕಾರ್ರ?"

"ಉಡಿ ತುಂಬಾಕ ಬಂದಾವ್ರು ಏನ್ ಗದ್ದಲಾ ಮಾಡ್ತಾರಲೇ."

ಒಳಗಿನಿಂದ ಎಲ್ಲರೂ ನಗುತ್ತ ಬಂದರು. ಹಣೆ ತುಂಬ ಕುಂಕುಮ, ಕೈಯಲ್ಲಿ ಒಂದೊಂದು ಬಾಳೆಹಣ್ಣು. ದಾರಿಯಲ್ಲಿ ನಾನು ಕೇಳಿದ್ದನ್ನು ಹೇಳಿದೆ. ಪಕ್ಕದ ಮನೆಯವಳು ಬಾಳೆಹಣ್ಣು ಸುಲಿಯುತ್ತ ಅಂದಳು: "ಒಳಗ ಕರೀಲಿಲ್ಲಂತ ಹೊಟ್ಟ್ಯಾಗ ಉರಿ ಬಿದ್ದೈತಿ ನೋಡ್ ನಿನಗ." ಉಳಿದವರು ನಕ್ಕರು.

ಮರುದಿನದಿಂದ ಮೇಸ್ತ್ರಿಯ ಬುಟ್ಟಿ ತುಂಬತೊಡಗಿತು. ನಿನ್ನೆ ಚಲೋ ಇದ್ದ ಕೈಗಳೆಲ್ಲ ಒಂದೇ ರಾತ್ರಿಯಲ್ಲಿ ಕೆಟ್ಟುಹೋದವು. ನಕ್ಕವಳ ಬೀಡಿಯೂ ಸಡಿಲ, ದೊಡ್ಡಾಯಿಯ ಬೀಡಿಯೂ ಸೊಟ್ಟ. ಶಾಲೆಗೆ ಹೋಗುವ ಮಕ್ಕಳಿಲ್ಲದವರಿಗೂ ಛಾಟ ಅಷ್ಟೇ. ಅವರಿಗೆ ಬಂದದ್ದೇನೂ ಇಲ್ಲ, ಹೋದದ್ದು ಮಾತ್ರ. ಕೊನೆಗೆ ಎಲ್ಲರೂ ಕೂಡಿ ಕೇಳಲು ಹೋದೆವು. ಸಾವ್ಕಾರ ಸಿಟ್ಟಾಗಲಿಲ್ಲ, ನೀರು ಕೊಡಿಸಿದ.

"ಅಲ್ರಬೇ, ಮೊನ್ನಿ ನೀವ ಬಂದು ಉಡಿ ತುಂಬಿ, ನಿಮ್ಮಿಂದ ನಮ್ಮ ಮಕ್ಕಳು ಕಲ್ಯಾಕತ್ತಾವ ಅಂದ್ರಿ. ಈಗ ಹೊಟ್ಟಿಗಿಲ್ಲ ಅಂತೀರಿ. ಇದರಾಗ ಖರೇ ಯಾವ್ದು?"

ದೊಡ್ಡಾಯಿ ನೆಲ ನೋಡಿದಳು. ನಾನು ಅಂದೆ: "ಕೆಟ್ಟ ಬೀಡಿ ನಮಗ ತಿರುಗಿ ಕೊಡ್ರಿ ಸಾವ್ಕಾರ್ರ. ನಾವ ಸೇದ್ತೀವಿ."

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಮರುದಿನ ಮೇಸ್ತ್ರಿ ನನ್ನ ಮೊರದ ಅರ್ಧವನ್ನು ಬುಟ್ಟಿಗೆ ಸುರಿದ.

ಒಂದು ಸಂಜೆ ಮಗಳು ಶಾಲೆಯಿಂದ ಬಂದವಳೇ ನನ್ನ ಎದುರು ಕೂತು, ಸುತ್ತಿಟ್ಟ ಬೀಡಿಗಳ ಬಾಯಿ ಮಡಿಚತೊಡಗಿದಳು. ಕಸಿದುಕೊಂಡೆ. ಅವಳು ಇನ್ನೊಂದು ತೆಗೆದುಕೊಂಡಳು.

"ಜೋಳದ ಡಬ್ಬಿ ನಾನೂ ನೋಡೇನಬೇ ಅವ್ವಾ," ಅಂದಳು.

ಮೊದಲು ಸಂಜೆ ಮಾತ್ರ ಕೂರುತ್ತಿದ್ದಳು. ಆಮೇಲೆ ಶನಿವಾರದ ಶಾಲೆ ತಪ್ಪಿತು. ದೀಪಾವಳಿಯ ಸೂಟಿ ಮುಗಿದ ಮೇಲೆ ಅವಳು ಹೋಗಲೇ ಇಲ್ಲ, ನಾನೂ ಹೋಗು ಎನ್ನಲಿಲ್ಲ. ಮರುವರ್ಷ ಸರಕಾರದ ದುಡ್ಡು ಮತ್ತೆ ಬಂತು. ಕೇಳಲು ಹೋದರೆ, ಹುಡುಗಿ ಶಾಲೆಯಲ್ಲೇ ಇಲ್ಲವಲ್ಲ, ಯಾಕೆ ಬಿಡಿಸಿದಿರಿ ಎಂದರು ಮಾಸ್ತರರು. ನಿಮ್ಮ ಆ ದುಡ್ಡೇ ಬಿಡಿಸಿತು ಎಂದೆ. ಅವರಿಗೆ ತಿಳಿಯಲಿಲ್ಲ. ತಿಳಿಸುತ್ತ ಕೂರಲು ನನಗೆ ಹೊತ್ತಿರಲಿಲ್ಲ, ಮನೆಯಲ್ಲಿ ಎಲೆ ನೆನೆಯಲು ಹಾಕಿ ಬಂದಿದ್ದೆ.

ತೊಂಬತ್ತರ ದಶಕ ಹಿಡಿಯುವ ಹೊತ್ತಿಗೆ ಅವಳ ಮದುವೆ ಗೊತ್ತಾಯಿತು. ಹತ್ತಿರದ ಭೋಜ ಎಂಬ ಊರಿನಿಂದ ಬಂದವರು ಬೆರಳು ನೋಡಿದರು, ಮೆಚ್ಚಿಕೊಂಡರು. ಮದುವೆಯ ಹಿಂದಿನ ದಿನ ಸಾವ್ಕಾರ್ತಿ ಮೇಸ್ತ್ರಿಯ ಕೈಯಲ್ಲಿ ಉಡಿಯ ಸಾಮಾನು ಕಳಿಸಿದ್ದಳು. ಕಾಯಿ, ಅಕ್ಕಿ, ಒಂದು ಖಣ. ಹಸಿರು, ಕೆಂಪು ಅಂಚು. ಮಗಳು ಮಡಿಕೆ ಬಿಚ್ಚಿದಳು. ಮೂಲೆಯಲ್ಲಿ ಜಂಗಿನ ಕಲೆ ಹಾಗೇ ಇತ್ತು.

"ಅವ್ವಾ, ಇದು ನಮ್ದ ಅಲ್ಲನ?"

"ಹೂಂ. ನಮ್ದ."

ದೊಡ್ಡಾಯಿ ಹತ್ತಿರವೇ ಕೂತಿದ್ದಳು. ದೊಡ್ಡ ಮನೆಯದು, ಕಣ್ಣಿಗೆ ಒತ್ತಿಕೊ ಎಂದಳು. ಮಗಳು ಒತ್ತಿಕೊಳ್ಳಲಿಲ್ಲ. ತಿರುಗಿ ಕಳಿಸೋಣವೇ ಎಂದು ನನ್ನ ಮುಖ ನೋಡಿದಳು. ಯಾಕೆ ಕಳಿಸಬೇಕು? ರೊಕ್ಕ ಕೊಟ್ಟವರು ನಾವು. ದರ್ಜಿಗೆ ಕೊಟ್ಟು, ಕಲೆ ಕಂಕುಳಿಗೆ ಬರುವಂತೆ ಕತ್ತರಿಸಿ ಕುಪ್ಪಸ ಹೊಲಿ ಎಂದೆ. ಚೆನ್ನಾಗಿಯೇ ಹೊಲಿದ.

ಮಳೆಗಾಲದ ನಂತರ ಅವಳನ್ನು ನೋಡಲು ಭೋಜಕ್ಕೆ ಹೋದೆ. ಅದೇ ಕುಪ್ಪಸ ತೊಟ್ಟು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಇಲ್ಲಿಯೂ ಛಾಟ ತೆಗೆಯುತ್ತಾರೇನು ಎಂದು ಕೇಳಿದೆ. ಅವಳು ಎಲೆಯ ಕಟ್ಟಿಗೆ ಕೈ ಚಾಚಿದಳು. ಕಂಕುಳಲ್ಲಿ ಕಲೆ ಕಂಡಿತು. ಅಷ್ಟು ಸಲ ಒಗೆದರೂ ಹೋಗಿರಲಿಲ್ಲ.