ಲಚ್ಯಾಣದ ಹೆಸರು ಹೇಳಿ ಇಂಡಿಗೆ

ನಮ್ಮ ಸಿಂದಗಿ ಬಸ್ ನಿಲ್ದಾಣದಲ್ಲಿ ಇಂಡಿಯ ಬಸ್ಸು ನಿಂತಿದ್ದು ಕಂಡರೆ ಈಗಲೂ ಹತ್ತಿ ಕುಳಿತುಬಿಡೋಣ ಎನ್ನಿಸುತ್ತದೆ. ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ ನಾನೂ ನಮ್ಮ ಯಜಮಾನರೂ ಒಂದೇ ಸೀಟಿನಲ್ಲಿ ಕುಳಿತು ಬೇರೆ ಊರಿಗೆ ಹೋಗಿ ಬಂದದ್ದು ಆ ರವಿವಾರಗಳಲ್ಲೇ. ಬರುವಾಗ ಯಾರದೋ ಚೀಲದಿಂದ ನಿಂಬೆಹಣ್ಣಿನ ವಾಸನೆ ಬರುತ್ತಿತ್ತು. ನಾನು ಶೇಂಗಾ ಸುಲಿದು ಅವರ ಅಂಗೈಗೆ ಹಾಕುತ್ತಿದ್ದೆ. ಅದೇನು ಮಹಾ ಸುಖ ಎಂದು ಕೇಳಬೇಡಿ. ಅದಕ್ಕೂ ಮೊದಲು ಅವರು ಕುಡಿಯದೆ ಇದ್ದ ರವಿವಾರ ಒಂದೂ ನನಗೆ ನೆನಪಿಲ್ಲ.

ನಮ್ಮವರು ದರ್ಜಿ. ಕೈ ನಡುಗಿ, ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುವ ಹಂತಕ್ಕೆ ಬಂದಾಗ ನಾನು ಹೇಳಿದ್ದೆ: "ಇನ್ನೊಮ್ಮಿ ಕುಡದ ಬಂದ್ರ ನಾ ಮುದ್ದೇಬಿಹಾಳಕ್ಕ, ನಮ್ಮ ತವರಮನಿಗೆ ಹೊಂಟೆ. ಮತ್ತ ಬರಂಗಿಲ್ಲ." ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಆದರೆ ಅಂದು ಹೇಳಿದ್ದು ಸಿಟ್ಟಿನಿಂದಲ್ಲ, ಸಾಕಾಗಿ. ಅವರಿಗೂ ಅದು ತಿಳಿಯಿತು. "ಬಿಡಾಕ ಎಲ್ಲಿಗಿ ಬಾ ಅಂತಿ ಹೇಳು, ಬರ್ತೇನಿ" ಅಂದರು.

ಕುಡಿತ ಬಿಡುವವರು ವಾರಕ್ಕೊಮ್ಮೆ ಕೂಡುತ್ತಾರೆಂದು ದವಾಖಾನೆಯ ನರ್ಸಬಾಯಿ ಹೇಳಿದ್ದರು. ಮೊದಲು ಬಸವನ ಬಾಗೇವಾಡಿಗೆ ಹೋದೆವು. ಅಂದು ಸಭೆಯ ವಾರವಲ್ಲ, ಬಾಗಿಲಿಗೆ ಕೀಲಿ. ಎದುರಿನ ಚಹಾದಂಗಡಿಯವರು "ಇಂಡ್ಯಾಗ ರವಿವಾರ ಇರತೈತ್ರಿ" ಅಂದರು. ಮುಂದಿನ ರವಿವಾರ ಇಂಡಿಯ ಒಂದು ಶಾಲೆಯ ಕೋಣೆ ಹುಡುಕಿಕೊಂಡು ಹೋದೆವು. ಒಂಬತ್ತು ಗಂಡಸರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಎದೆಗೆ ಹಚ್ಚಿಕೊಂಡು ಕುಳಿತಿದ್ದರು. ಹೆಸರು ಹೇಳಬೇಕಾಗಿಲ್ಲ. ಒಬ್ಬೊಬ್ಬರೇ ಎದ್ದು "ನಾ ಕುಡುಕ ಅದೇನ್ರಿ" ಎಂದು ಮಾತು ಶುರು ಮಾಡಬೇಕು. ನಮ್ಮವರ ಸರದಿ ಬಂದಾಗ ಎದ್ದು ನಿಂತು, ಕೈ ಮುಗಿದು, ಕುಳಿತುಬಿಟ್ಟರು. ವಾರ ವಾರವೂ ಅಷ್ಟೇ. "ಬರ್ತೀರಲ್ಲ, ಸಾಕ್ರಿ. ಬಾಯಿ ತಾನ ಬಿಚ್ಚತೈತಿ" ಎಂದು ಅಲ್ಲಿನ ಹಿರಿಯರೊಬ್ಬರು ಸಮಾಧಾನ ಹೇಳುತ್ತಿದ್ದರು. ನನಗೆ ಒಳಗೊಳಗೇ ಕುದಿತ. ಕುಡಿದಾಗ ಓಣಿ ತುಂಬ ಬಾಯಿ ಮಾಡುವ ಮನುಷ್ಯನಿಗೆ ಇಲ್ಲಿ ಒಂದು ಮಾತು ಇಷ್ಟು ಭಾರವೇ?

ಓಣಿಯವರಿಗೆ ಮಾತ್ರ ನಾನು ಸುಳ್ಳು ಹೇಳಿದ್ದೆ. "ರವಿವಾರಕ್ಕೊಮ್ಮಿ ಲಚ್ಯಾಣದ ಮಠಕ್ಕ ನಡಕೊಳ್ಳಾಕತ್ತೇವಿ" ಅಂತ. ಲಚ್ಯಾಣವೂ ಇಂಡಿಯ ಕಡೆಗೇ. ಹೇಳುವಾಗ ನಮ್ಮ ಕಡೆಯ ರೂಢಿ ನೆನಪಾಗಲಿಲ್ಲ. ಯಾರಾದರೂ ದೇವರಿಗೆ ಹೊರಟರೆಂದರೆ ಅಕ್ಕಪಕ್ಕದವರು ತಮ್ಮದೂ ಒಂದು ಕಾಯಿ ಕೊಟ್ಟು ಕಳಿಸುತ್ತಾರೆ. ಒಲ್ಲೆ ಎನ್ನುವಂತಿಲ್ಲ, ಒಡೆಸಿ ಪ್ರಸಾದ ತಂದುಕೊಡಬೇಕು. ಎರಡನೆಯ ವಾರಕ್ಕೇ ಪಕ್ಕದ ಮನೆಯಾಕೆ ಕಾಯಿ ಹಿಡಿದು ಬಾಗಿಲಿಗೆ ಬಂದಳು. ಆಮೇಲೆ ವಾರಕ್ಕೊಂದು ಕಾಯಿ. ಸಭೆ ಮುಗಿಸಿ ಮಠಕ್ಕೆ ಹೋದರೆ ಊರಿನ ಬಸ್ಸು ತಪ್ಪುತ್ತಿತ್ತು. ನಾನು ಶಾಲೆಯ ಮೆಟ್ಟಿಲ ಮೇಲೆಯೇ ಕಾಯಿ ಒಡೆದು, ಮನೆಯಿಂದ ತಂದ ಕುಂಕುಮ ಹಚ್ಚಿ, ಎರಡೂ ಹೋಳು ಆಕೆಗೆ ಮುಟ್ಟಿಸುತ್ತಿದ್ದೆ. ಆಕೆ ಕಣ್ಣಿಗೊತ್ತಿಕೊಂಡು ಒಳಗೆ ಒಯ್ಯುತ್ತಿದ್ದಳು. ತಪ್ಪು ಎಂದು ಗೊತ್ತಿತ್ತು. ಆದರೂ ಮರ್ಯಾದೆಯೇ ದೊಡ್ಡದೆನ್ನಿಸಿತು.

ಹನ್ನೊಂದನೆಯ ಕಾಯಿಯ ಹೋಳು ಕೊಟ್ಟ ದಿನ ಆಕೆ ಕಣ್ಣಿಗೊತ್ತಿಕೊಳ್ಳಲಿಲ್ಲ.

"ಅಕ್ಕಾ, ನಮ್ಮ ಮನ್ಯಾವ್ರು ಕುಡಿಯೂದು ಬಿಡಲಿ ಅಂತ ಹನ್ನೊಂದು ಕಾಯಿ ಬೇಡಕೊಂಡಿದ್ದೆ. ನಿನ್ನೀನೂ ಕುಡದ ಬಂದ್ರು. ನನ್ನ ಭಕ್ತ್ಯಾಗ ಏನರ ಕಮ್ಮಿ ಆತೇನು?"

ನನ್ನ ಹಿಂದೆ ನಿಂತಿದ್ದ ನಮ್ಮವರು ಚಪ್ಪಲಿ ಬಿಟ್ಟು ಮುಂದೆ ಬಂದರು.

"ನಿನ್ನ ಭಕ್ತ್ಯಾಗ ಏನೂ ಕಮ್ಮಿ ಇಲ್ಲ ತಂಗಿ. ನಾವು ಮಠಕ್ಕ ಹೋಗೇ ಇಲ್ಲ. ನಾ ಕುಡುಕ ಅದೇನಿ. ಬಿಡಾಕಂತ ಇಂಡ್ಯಾಗ ಮೀಟಿಂಗಿಗೆ ಹೋಗ್ತೇವಿ."

ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆಕೆ ನಮ್ಮಿಬ್ಬರನ್ನೂ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ನೀವು ಕುಡೀತಿದ್ರಿ ಅನ್ನೂದು ಓಣಿಗೆಲ್ಲ ಗೊತ್ತೈತ್ರಿ ಅಣ್ಣಾರ. ರವಿವಾರ ಹೋಗಾಕ ಹತ್ತಿದ ಮ್ಯಾಲ ಬಿಟ್ರಿ ಅನ್ನೂದೂ ಗೊತ್ತೈತಿ. ಅದಕ್ಕ ಕಾಯಿ ಕೊಟ್ಟೆ. ಖರೇ ಜಾಗಾ ಹೇಳಿದ್ರ ನಮ್ಮ ಮನ್ಯಾವ್ರನ್ನೂ ಅಲ್ಲಿಗೇ ಕಳಸ್ತಿದ್ದೆ."

ಹಾಗಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ನಾಚಿಕೆಯಿಂದ ಅಳು ಬಂತು. ಎಲ್ಲರಿಗೂ ಗೊತ್ತಿದ್ದ ಕುಡಿತವನ್ನು ಮುಚ್ಚಿಡಲು ಹೋಗಿ, ಆ ಮನೆಗೆ ಬೇಕಾಗಿದ್ದ ದಾರಿಯನ್ನು ಅಷ್ಟೂ ವಾರ ನಾನು ಮುಚ್ಚಿಟ್ಟಿದ್ದೆ.

ಮುಂದಿನ ರವಿವಾರ ನಮ್ಮವರು ಬಸ್ಸಿಗೆ ಹೊರಡುವ ಬದಲು ಆಕೆಯ ಗಂಡನನ್ನೂ ಸಭೆಗೆ ಕರೆಯಲು ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತರು. ಆತ ಒಳಗಿನಿಂದಲೇ ಬಾಯಿಗೆ ಬಂದಂತೆ ಬೈದ. ಇವರು ಏಳಲಿಲ್ಲ. ಬಸ್ಸು ಹೋಯಿತು. ಸಭೆ ತಪ್ಪಿದರೆ ಇವರೇ ಮತ್ತೆ ಕುಡಿದುಬಿಟ್ಟಾರೆಂದು ನನ್ನ ಜೀವ ಪುಕಪುಕ ಎನ್ನುತ್ತಿತ್ತು. ಆದರೂ ಎಬ್ಬಿಸಲು ಮನಸ್ಸು ಬಾರದೆ ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಎರಡನೆಯ ರವಿವಾರವೂ ಹಾಗೇ ಹೋಯಿತು. ಮೂರನೆಯ ರವಿವಾರ ಆತ ಜಳಕ ಮಾಡಿ, ತೊಳೆದ ಅಂಗಿ ಹಾಕಿಕೊಂಡು ಹೊರಗೆ ಬಂದು, ನೆಲ ನೋಡುತ್ತ ಕೇಳಿದ:

"ಬಸ್ಸು ಎಷ್ಟಕ್ಕೈತ್ರಿ?"